ವರ್ಷ ತುಂಬುವ ತನಕ ಫೋಟೊ ಬೇಡ

ನನಗೆ ಬಹಳ ಚೆನ್ನಾಗಿ ನೆನಪಿರುವ ಒಂದು ಮಧ್ಯಾಹ್ನವಿದೆ. ಯಾದವಗಿರಿಯ ನಮ್ಮ ಮನೆಯ ಎದುರಿನ ಖಾಲಿ ಸೈಟಿನಲ್ಲಿ ದೊಡ್ಡ ಹುಡುಗರು ಚಿನ್ನಿದಾಂಡು ಆಡುತ್ತಿದ್ದಾರೆ. ನಾನು ಗೇಟಿನ ಪಕ್ಕದ ಕಲ್ಲಿನ ಮೇಲೆ ಅಜ್ಜಿಯ ತೊಡೆಯಲ್ಲಿ ಕೂತಿದ್ದೇನೆ. ದಾಂಡು ಬೀಸಿದ ಸದ್ದು ಕೇಳುತ್ತದೆ. ಎರಡೂ ತುದಿ ಚೂಪಾಗಿ ಕೆತ್ತಿದ ಚಿನ್ನಿ ಗಿರಗಿರ ತಿರುಗುತ್ತ ನನ್ನತ್ತ ಬರುತ್ತದೆ. ಅದರ ಒಂದು ತುದಿಗೆ ಹಸಿರು ಬಣ್ಣ ಬಳಿದಿದೆ. ನನಗಾಗ ಒಂದೂವರೆ ವರ್ಷ. ಆ ದಿನ ನನ್ನ ಎಡಗಣ್ಣು ಹೋಯಿತು.

ಇದರಲ್ಲಿ ಕಣ್ಣು ಹೋದದ್ದು ಮಾತ್ರ ನಿಜ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಒಬ್ಬನೇ ಸಾಕ್ಷಿಯನ್ನು ನಂಬಬೇಡಿ, ವಿವರ ಹೆಚ್ಚಿದಷ್ಟೂ ಅನುಮಾನಪಡಿ ಎಂದು ವರ್ಷಾವರ್ಷ ಹೇಳುತ್ತ ಬಂದವನು. ನೆನಪಿನ ಮೇಲೆ ಭರವಸೆ ಇಲ್ಲದ್ದರಿಂದಲೇ ಹದಿನಾರನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಆದರೂ ಆ ಹಸಿರು ತುದಿಯನ್ನು ನಲವತ್ತು ವರ್ಷ ನಾನು ಪ್ರಶ್ನಿಸಲಿಲ್ಲ. ಹೀಗೆಂದು ಬರೆದ ಕೂಡಲೇ ಪೆನ್ನು ನಿಲ್ಲುತ್ತದೆ. ಪ್ರಶ್ನಿಸಲಿಲ್ಲ ಎಂಬುದು ನಿಜವೇ? ಅದಕ್ಕೆ ಆಮೇಲೆ ಬರುತ್ತೇನೆ.

ಕೃತಕ ಕಣ್ಣನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ವಯಸ್ಸಾದಂತೆ ಕಣ್ಣಿನ ಗುಳಿ ಬದಲಾಗುತ್ತದೆ, ಹಳೆಯದು ಸಡಿಲವಾಗಿ ಒತ್ತತೊಡಗುತ್ತದೆ. ಮಗಳು ಹುಟ್ಟಿ ಮೂರು ತಿಂಗಳಾಗಿದ್ದಾಗ ಹೊಸ ಕಣ್ಣು ಮಾಡಿಸಲು ಹೋದೆ. ಯಾವಾಗಲೂ ಮಾಡಿಕೊಡುತ್ತಿದ್ದ ಮುದುಕ ತೀರಿಕೊಂಡಿದ್ದ. ಈತ ಹೊಸಬ, ರಾಜೀವನಗರದ ಕಡೆಯವನು. ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ಬಲಗಣ್ಣನ್ನು ನೋಡಿಕೊಂಡು, ನಾಲ್ಕೇ ಕೂದಲಿನ ಕುಂಚದಿಂದ ಬಿಲ್ಲೆಯ ಮೇಲೆ ಕಂದು ಬಣ್ಣ ಎಳೆಯುತ್ತಿದ್ದ. ಬಿಳಿಯ ಭಾಗಕ್ಕೆ ನರಗಳಿರಲೆಂದು ಕೆಂಪು ರೇಷ್ಮೆಯ ಎಳೆಗಳನ್ನು ಬಿಡಿಸಿಟ್ಟುಕೊಂಡಿದ್ದ.

"ಸಾರ್, ರಾತ್ರಿ ನಿದ್ದೆಗೆಡ್ತೀರಾ? ಎಳೆ ಎಷ್ಟು ಹಾಕ್ಲಿ ಅಂತ ಕೇಳ್ದೆ. ಇದು ಕೆಂಪಗೆ, ಅದು ಬೆಳ್ಳಗೆ ಇದ್ರೆ ಜನ ನಗ್ತಾರೆ."

"ಮೂರು ತಿಂಗಳ ಮಗು ಇದೆ. ಧಾರಾಳವಾಗಿ ಹಾಕಿ."

ಅವನು ನಕ್ಕ. ಆಮೇಲೆ ನನ್ನ ಎಡಗಡೆಯ ಕಪಾಳದ ಮೇಲ್ಭಾಗವನ್ನು, ಹುಬ್ಬಿನ ತುದಿಯಿಂದಾಚೆ ಒಂದಿಷ್ಟು ಹಳ್ಳ ಬಿದ್ದಿರುವ ಜಾಗವನ್ನು, ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಕಣ್ಣು ಯಾಕೆ ತೆಗೆದಿದ್ದು ಸಾರ್?"

"ಚಿಕ್ಕವನಿದ್ದಾಗ ಚಿನ್ನಿ ಬಡಿದು."

"ಚಿನ್ನಿ ಬಡಿದಿದ್ದಕ್ಕೆ ಕರೆಂಟ್ ಯಾಕೆ ಕೊಡ್ಸಿದ್ರು?"

ನನಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಎಳೆಯ ಮಕ್ಕಳಿಗೆ ಕ್ಯಾನ್ಸರ್‌ಗೆಂದು ಕೊಡುವ ವಿಕಿರಣಕ್ಕೆ ಆಸ್ಪತ್ರೆಯಲ್ಲಿ ಜನ 'ಕರೆಂಟ್' ಅನ್ನುತ್ತಾರೆ. ಅದು ತಗುಲಿದ ಕಡೆ ಮೂಳೆ ಬೆಳೆಯುವುದು ನಿಂತುಬಿಡುತ್ತದೆ. ಪೆಟ್ಟು ಬಿದ್ದವರ ಮುಖದಲ್ಲಿ ಈ ಹಳ್ಳ ಇರುವುದಿಲ್ಲ. ಇಂಥ ಮುಖಗಳನ್ನು ಅವನು ಎಷ್ಟೋ ನೋಡಿದ್ದ. ಕಣ್ಣಿನ ಒಳಪರದೆಯಲ್ಲಿ ಗಡ್ಡೆಯಾಗಿ, ಹಸುಗೂಸಾಗಿದ್ದಾಗಲೇ ಕಣ್ಣು ತೆಗೆಸಿಕೊಂಡವರು. ಹೇಳುತ್ತ ಹೇಳುತ್ತ ಅವನು ಕುಂಚವನ್ನು ಲೋಟದಲ್ಲಿಟ್ಟ.

"ಮೂರು ತಿಂಗಳ ಮಗು ಅಂದ್ರಲ್ಲ. ಕಣ್ಣು ತೋರ್ಸಿದ್ದೀರಾ?"

"ಯಾಕೆ?"

"ಇದು ಮಕ್ಕಳಿಗೂ ಬರ್ಬೋದು ಸಾರ್. ನಿಮ್ ಕಣ್ಣು ಅರ್ಜೆಂಟಿಲ್ಲ, ಇನ್ನೊಂದಿನ ಮಾಡ್ಕೊಳ್ಳಣ. ಮೊದ್ಲು ಮಗೂನ ಕರ್ಕೊಂಡೋಗಿ ತೋರ್ಸ್‌ಬುಡಿ. ಮಬ್ಬು ಬೆಳಕಲ್ಲಿ ಮೊಬೈಲ್ ಫ್ಲ್ಯಾಶ್ ಹಾಕಿ ಒಂದ್ ಫೋಟೊ ತೆಗೀರಿ. ಪಾಪೆ ಕೆಂಪಗೆ ಬಂದ್ರೆ ಒಳ್ಳೇದು. ಬೆಕ್ಕಿನ ಕಣ್ಣಂಗೆ ಬೆಳ್ಳಗೆ ಹೊಳುದ್ರೆ ಒಂದಿನಾನೂ ಕಾಯ್‌ಬೇಡಿ."

ಆಟೊದಲ್ಲಿ ಮನೆಗೆ ಬರುವಾಗ ಮಗಳ ಫೋಟೊಗಳನ್ನು ಹುಡುಕಿದೆ. ಇದ್ದದ್ದು ಆರೇಳು. ಎಲ್ಲವೂ ಹೆಂಡತಿ ಕದ್ದು ತೆಗೆದವು, ಮಗು ಮಲಗಿದ್ದಾಗಿನವು. ನಮ್ಮ ಮನೆಯಲ್ಲಿ ಮಗುವಿಗೆ ವರ್ಷ ತುಂಬುವ ತನಕ ಫೋಟೊ ತೆಗೆಯುವಂತಿಲ್ಲ. ಇದು ಅಮ್ಮ ತನ್ನ ತವರಿನಿಂದ ತಂದ ಪದ್ಧತಿ. ದೃಷ್ಟಿಯಾಗುತ್ತದೆ ಎಂದು ಇರಬೇಕು ಎಂದುಕೊಂಡಿದ್ದೆವು. ನನ್ನದೂ ಎರಡು ವರ್ಷಕ್ಕಿಂತ ಮುಂಚಿನ ಒಂದು ಫೋಟೊ ಇಲ್ಲ. ಎರಡು ಕಣ್ಣಿದ್ದಾಗ ನಾನು ಹೇಗಿದ್ದೆ ಎಂದು ನನಗೆ ಗೊತ್ತಿಲ್ಲ.

ಅಮ್ಮ ಹಜಾರದಲ್ಲಿ ಕೂತು ಕರಿಬೇವು ಬಿಡಿಸುತ್ತಿದ್ದಳು.

"ಅಮ್ಮ, ನನಗೆ ಕರೆಂಟ್ ಕೊಡ್ಸಿದ್ರಾ?"

"ಯಾವ ಕರೆಂಟೋ?"

"ಕಣ್ಣು ತೆಗೆದ ಮೇಲೆ."

"ಚಿನ್ನಿ ಬಡಿದಿದ್ದು ಕಣೋ. ನಿಮ್ಮಜ್ಜಿ ತೊಡೆ ಮೇಲೆ ಕೂತಿದ್ದೆ. ಎಷ್ಟು ಸಲ ಹೇಳ್ಲಿ?"

"ಚಿನ್ನಿಗೆ ಯಾವ ಬಣ್ಣ ಇತ್ತು?"

"ಹಸಿರು ಅಂತ ನೀನೇ ಹೇಳ್ತಿದ್ಯಲ್ಲೋ."

ನಾನು ಅಲ್ಲಿಯೇ ನಿಂತೆ. ನಾನು ಅವಳಿಂದ ಪಡೆದದ್ದು ಎಂದುಕೊಂಡದ್ದನ್ನು ಅವಳು ನನ್ನಿಂದ ಪಡೆದಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಸಾಕ್ಷಿ ಹೇಳಿಕೊಂಡು ನಲವತ್ತು ವರ್ಷ ಕಳೆದಿದ್ದೆವು. ಅಮ್ಮ ಬಿಡಿಸಿದ ಎಲೆಗಳನ್ನು ಕಡ್ಡಿಗಳ ಜೊತೆಗೇ ಬುಟ್ಟಿಗೆ ಸುರಿದುಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ನಾನು ಶೇವ್ ಮಾಡಿಕೊಳ್ಳುತ್ತಿದ್ದಾಗ ಹಿಂದೆ ಬಂದು ನಿಂತು, ಒಂದು ಲಕೋಟೆಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟಳು. ಒಳಗೆ ಅಂಗೈಯಷ್ಟು ಫೋಟೊ. ಜಮಖಾನದ ಮೇಲೆ ಕೂತ ಇನ್ನೂ ವರ್ಷ ತುಂಬದ ಗಂಡುಮಗು, ಕೈಯಲ್ಲಿ ಬೆಳ್ಳಿಯ ಗಿಲಕಿ. ಅಮ್ಮನ ಅಣ್ಣ. ಅಮ್ಮ ಹುಟ್ಟುವ ಮೊದಲೇ ಹೋದವನು. ಹೀಗೊಬ್ಬ ಅಣ್ಣ ಅವಳಿಗಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ. ಅವಳ ಅಪ್ಪ, ನನ್ನ ಅಜ್ಜ, ಅರಮನೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರು. ಅಲ್ಲಿ ಪರಿಚಯದ ಫೋಟೊಗ್ರಾಫರ್ ಒಬ್ಬ ಪ್ರೀತಿಯಿಂದ ಮನೆಗೆ ಬಂದು ಬಲ್ಬು ಸಿಡಿಸಿ ತೆಗೆದದ್ದಂತೆ. ಚಿತ್ರದಲ್ಲಿ ಮಗುವಿನ ಒಂದು ಕಣ್ಣಿನ ಪಾಪೆ ಕಪ್ಪು. ಇನ್ನೊಂದರಲ್ಲಿ ಹಾಲಿನ ಹನಿ ಬಿದ್ದ ಹಾಗೆ ಬಿಳಿ.

"ಇದು ತೆಗೆದ ಮೇಲೇ ಕಣ್ಣು ಊದ್ಕೊಳ್ತಂತೆ," ಅಮ್ಮ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಹೇಳಿದಳು. "ಆ ಬೆಳಕು ಕಣ್ಣೊಳಗೆ ಹೊಕ್ಕು ಕೂತ್ಬುಡ್ತು ಅಂದ್ರು. ಮೂರು ವರ್ಷಾನೂ ತುಂಬ್ಲಿಲ್ಲ. ಆವತ್ತಿಂದ ನಮ್ಮಮ್ಮ ಯಾವ ಮಗುವಿಗೂ ವರ್ಷ ತುಂಬೋ ತನಕ ಫೋಟೊ ತೆಗಿಸ್ಲಿಲ್ಲ."

"ನನಗೆ?"

"ನಿನಗೂ ಫೋಟೊ ತೆಗೆಸಿರ್ಲಿಲ್ಲ. ಆದ್ರೂ ಬಂತಲ್ಲ." ಅವಳು ಖಾಲಿ ಲಕೋಟೆಯನ್ನು ಮಡಚಿದಳು. "ಡಾಕ್ಟ್ರು ಗಡ್ಡೆ ಅಂದ್ರು. ಕಣ್ಣು ತೆಗೆದ್ರೆ ಮಗು ಉಳಿಯುತ್ತೆ ಅಂದ್ರು. ಮನೆಗೆ ಬರೋ ಹೊತ್ತಿಗೆ ನಮ್ಮತ್ತೆ, ನಿಮ್ಮಜ್ಜಿ, ಚಿನ್ನಿ ಅಂತ ಬೀದಿಗೆಲ್ಲ ಹೇಳಿಯಾಗಿತ್ತು. ಗಡ್ಡೆ ಅಂದ್ರೆ ಮುಂದೆ ಯಾರು ಹೆಣ್ಣು ಕೊಡ್ತಾರೋ?"

"ಮುಂದೆ ನನ್ನ ಮಕ್ಕಳಿಗೂ ಬರುತ್ತೆ ಅಂತ ಡಾಕ್ಟ್ರು ಹೇಳಿದ್ರಾ?"

"ಹೇಳಿದ್ರೋ ಇಲ್ವೋ. ಉಳಿಯುತ್ತೆ ಅಂದಿದ್ದೊಂದೇ ನಂಗೆ ಕೇಳ್ಸಿದ್ದು."

ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಆ ಫೋಟೊವನ್ನು ನೋಡುತ್ತಿದ್ದೆ. ರೋಗವನ್ನು ಮೊದಲು ತೋರಿಸಿಕೊಟ್ಟದ್ದೇ ಆ ಚಿತ್ರ. ತೋರಿಸಿದ್ದನ್ನೇ ಇವರು ಕಾರಣವೆಂದು ತಿಳಿದು, ಎರಡು ತಲೆಮಾರು ಅದನ್ನೇ ಮನೆಯಿಂದ ಹೊರಗಿಟ್ಟಿದ್ದರು. ಅವರನ್ನು ಮೂರ್ಖರೆನ್ನಲು ನನಗೆ ಅಧಿಕಾರವಿಲ್ಲ.

ಯಾಕೆಂದರೆ ಅಂದು ಕಾಲೇಜಿಗೆ ಹೋಗದೆ ಹಳೆಯ ದಿನಚರಿಗಳನ್ನು ತೆಗೆದು ಕೂತೆ. ಏನು ಹುಡುಕುತ್ತಿದ್ದೇನೆಂದು ನನಗೆ ಸ್ಪಷ್ಟವಿರಲಿಲ್ಲ, ಅಥವಾ ಇತ್ತು. ಪಿಯುಸಿಯ ವರ್ಷದ ಪುಸ್ತಕದಲ್ಲಿ, ಜೀವಶಾಸ್ತ್ರದ ಪಾಠದ ಬಗ್ಗೆ ಬರೆದ ಪುಟದ ಕೊನೆಯಲ್ಲಿ, ನನ್ನದೇ ಅಕ್ಷರದಲ್ಲಿ ಹೀಗಿತ್ತು: "ಚಿನ್ನಿ ಬಡಿದವನನ್ನು ಏಳು ವರ್ಷದವರೆಗೆ ಪ್ರತಿ ಬೇಸಿಗೆ ಬೆಂಗಳೂರಿನ ಆಸ್ಪತ್ರೆಗೆ ಯಾಕೆ ಕರೆದುಕೊಂಡು ಹೋಗುತ್ತಿದ್ದರು? ಅಮ್ಮನನ್ನು ಕೇಳಬಾರದು. ಚಿನ್ನಿಯೇ ಇರಲಿ."

ಚಿನ್ನಿಯೇ ಇರಲಿ. ಹದಿನೇಳರಲ್ಲಿ ಹಾಗೆ ತೀರ್ಮಾನ ಮಾಡಿದ ಹುಡುಗನೇ ಮೂವತ್ತೆಂಟರಲ್ಲಿ ಹೆಂಡತಿಯ ಮನೆಗೆ ಹೆಣ್ಣು ನೋಡಲು ಹೋದಾಗ ಚಿನ್ನಿಯ ಕಥೆಯನ್ನು ಹಸಿರು ತುದಿಯ ಸಮೇತ ಹೇಳಿದ್ದ. ಆಗ ನಾನು ಸುಳ್ಳು ಹೇಳುತ್ತಿದ್ದೆನೋ, ನಂಬಿ ಹೇಳುತ್ತಿದ್ದೆನೋ? ಎಷ್ಟು ಕೆದಕಿದರೂ ಇಂದಿಗೂ ಗೊತ್ತಾಗುತ್ತಿಲ್ಲ.

ಹೆಂಡತಿಗೆ ಎಲ್ಲವನ್ನೂ ಹೇಳಿದೆ. ದಿನಚರಿಯ ಆ ಪುಟವನ್ನೂ ತೋರಿಸಿದೆ. ಅವಳು ಮಗುವನ್ನು ಭುಜಕ್ಕೆ ಹಾಕಿಕೊಂಡು ತೇಗು ಬರಲೆಂದು ಬೆನ್ನು ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸದೆ ಪೂರ್ತಿ ಓದಿದಳು.

"ಇದನ್ನ ಯಾಕೆ ತೋರಿಸ್ತಿದ್ದೀರಿ? ಬಯ್ಯಲಿ ಅಂತಲಾ?"

"ನಿನಗೆ ಗೊತ್ತಿರಬೇಕು ಅಂತ."

"ಬಯ್ಯೋದು ಇದ್ದೇ ಇದೆ, ನಿಧಾನವಾಗಿ ಬಯ್ತೀನಿ. ನಿಮ್ಮ ಮನಸ್ಸು ಹಗುರ ಮಾಡೋದಕ್ಕೆ ಈಗ ನನಗೆ ಪುರುಸೊತ್ತಿಲ್ಲ ಕಣ್ರೀ. ಪರದೆ ಎಳೀರಿ. ಫೋನ್ ತನ್ನಿ."

ಹಗಲು ಹನ್ನೊಂದು ಗಂಟೆಗೆ ಕೋಣೆಯನ್ನು ಮಬ್ಬು ಮಾಡಿಕೊಂಡು, ಅವಳು ಗಿಲಕಿ ಆಡಿಸಿದಳು, ನಾನು ಫೋಟೊ ತೆಗೆದೆ. ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಬೇಡ ಎನ್ನಲಿಲ್ಲ, ಒಳಗೂ ಬರಲಿಲ್ಲ. ಪ್ರತಿ ಸಲ ಫ್ಲ್ಯಾಶ್ ಮಿಂಚಿದಾಗಲೂ ಅವಳ ಕೈ ಸೆರಗಿಗೆ ಹೋಗುತ್ತಿತ್ತು. ಹನ್ನೊಂದು ಫೋಟೊ ತೆಗೆದೆವು. ಹತ್ತರಲ್ಲಿ ಎರಡೂ ಪಾಪೆ ಕೆಂಪು. ಏಳನೆಯದರಲ್ಲಿ ಬಲಗಣ್ಣಿನೊಳಗೆ ಒಂದು ಬಿಳಿ ಹೊಳಪು.

"ಆಟ ಆಡೋವಾಗ ತಲೆ ತಿರುಗ್ಸಿದ್ಳು, ಅದಕ್ಕೇ ಇರಬೇಕು," ಎಂದಳು ಹೆಂಡತಿ. ಅರ್ಧ ಗಂಟೆಯ ಮೇಲೆ, "ಮತ್ತೆ ತೋರ್ಸಿ," ಎಂದಳು.

ಬೆಂಗಳೂರಿನಿಂದ ತಿಂಗಳಿಗೆ ಎರಡು ಸಲ ಬರುವ ತಜ್ಞೆಯನ್ನು ಕಾಣಲು ಒಂಬತ್ತು ದಿನ ಕಾಯಬೇಕಾಯಿತು. ಆ ಒಂಬತ್ತು ದಿನ ನಾನು ಮಗಳ ಮುಖವನ್ನು ನೋಡಲಿಲ್ಲ, ಕಣ್ಣುಗಳನ್ನಷ್ಟೇ ನೋಡಿದೆ. ಅವಳು ನಕ್ಕರೆ ನಕ್ಕಳೆಂದು ಸಂತೋಷಪಡುವ ಬದಲು ಯಾವ ಕಣ್ಣು ಎತ್ತ ಹೊರಳಿತು ಎಂದು ಗಮನಿಸುತ್ತಿದ್ದೆ. ದಿನಚರಿಯಲ್ಲಿ ಆ ದಿನಗಳ ಪುಟಗಳಲ್ಲಿ ಬೇರೇನೂ ಇಲ್ಲ. ಬೆಳಿಗ್ಗೆ: ಎಡ ಸರಿ, ಬಲ ಸರಿ. ಸಂಜೆ: ಬಲ ಗೊತ್ತಾಗುತ್ತಿಲ್ಲ.

ಆಸ್ಪತ್ರೆಯಲ್ಲಿ ಮಗುವಿಗೆ ಅರಿವಳಿಕೆ ಕೊಟ್ಟು ಪರೀಕ್ಷಿಸಬೇಕೆಂದು ಒಳಗೆ ಕರೆದುಕೊಂಡು ಹೋದರು. ಹಸಿದ ಮಗುವಿನ ಅಳು ಎರಡು ಬಾಗಿಲಿನಾಚೆಯಿಂದ ಕೇಳಿಸಿ, ಇದ್ದಕ್ಕಿದ್ದಂತೆ ನಿಂತಿತು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಪಕ್ಕದಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬ ಹೆಂಗಸು, ನಾಲ್ಕು ವರ್ಷದ ಮಗನಿಗೆ ಬಿಸ್ಕತ್ತು ಮುರಿದು ಕೊಡುತ್ತಿದ್ದಳು. ಅವಳ ಬಲಗಣ್ಣು ಅಲುಗದ್ದನ್ನು ನಾನು ಕೂಡಲೇ ಕಂಡೆ. ಅವಳೂ ನನ್ನದನ್ನು ಕಂಡಳು.

"ಯಾರ್ ಮಾಡ್ಕೊಟ್ರಣ್ಣ ನಿಮ್ದು? ಚೆನ್ನಾಗದೆ. ನಂದು ನೋಡಿ, ಎಂಗೆ ಗುರಾಯಿಸ್ತದೆ. ನಮ್ಮತ್ತೆ ಇದಕ್ಕೇ ಎದ್ರುಕೊತಾರೆ." ತಾನೇ ನಕ್ಕಳು. ನಾನೂ ನಕ್ಕೆ. ನನ್ನ ಹೆಂಡತಿ ನಗಲಿಲ್ಲ, ಹುಡುಗನನ್ನೇ ನೋಡುತ್ತಿದ್ದಳು.

"ಇವನಿಗೂ ಬಂತಾ?" ಎಂದು ಮೆಲ್ಲಗೆ ಕೇಳಿದಳು.

"ಬಂತು. ಎರಡ್ಕೂ ಬಂದಿತ್ತು. ಲೇಸರಲ್ಲಿ ಸುಟ್ರು, ಔಸ್ದಿ ಆಕುದ್ರು, ಎರಡೂ ಉಳ್ಕೊಂಡವೆ. ನಂದು ಹೋಯ್ತು, ಇವಂದು ಉಳೀತು. ಕಾಲ ಎಷ್ಟ್ ಮುಂದ್ಕೋಗದೆ ನೋಡಿ ಅಕ್ಕ."

ಅವಳು ಅದನ್ನು ಸಂತೋಷದಿಂದಲೇ ಹೇಳಿದಳು. ನನಗೆ ಬೇರೊಂದು ಯೋಚನೆ ಬಂತು, ಬಂದದ್ದಕ್ಕೆ ನಾಚಿಕೆಯಾಯಿತು. ಅಮ್ಮನ ಅಣ್ಣನ ಕಾಲದಲ್ಲಿ ಈ ಬೆಂಚಿನ ಮೇಲೆ ನಾವು ಯಾರೂ ಇರುತ್ತಿರಲಿಲ್ಲ. ರೋಗ ಆ ಮಗುವಿನ ಜೊತೆಗೇ ಮುಗಿಯುತ್ತಿತ್ತು. ನಮ್ಮನ್ನು ಉಳಿಸಿದರು, ನಾವು ಬೆಳೆದೆವು, ಮದುವೆಯಾದೆವು, ಅದನ್ನು ಮುಂದಕ್ಕೆ ಕೊಟ್ಟೆವು. ನನ್ನ ಕಣ್ಣು ತೆಗೆದ ಡಾಕ್ಟರು ಕೈಚೆಲ್ಲಿದ್ದರೆ ಒಳಗೆ ಮೇಜಿನ ಮೇಲೆ ಈಗ ನನ್ನ ಕೂಸು ಮಲಗಿರುತ್ತಿರಲಿಲ್ಲ. ಹಾಗೆ ಯೋಚಿಸುವುದೆಂದರೆ ಅವಳೇ ಇಲ್ಲದಿದ್ದರೆ ಚೆನ್ನಾಗಿತ್ತು ಎಂದ ಹಾಗಲ್ಲವೇ? ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಯೋಚನೆ ಹೋಗಲಿಲ್ಲ.

ಡಾಕ್ಟರು ಹೊರಗೆ ಬಂದರು. ಮಧ್ಯವಯಸ್ಸಿನ ಹೆಂಗಸು, ಹಣೆಯ ಮೇಲೆ ದೀಪದ ಪಟ್ಟಿಯ ಗುರುತು ಇನ್ನೂ ಇತ್ತು.

"ಬಲಗಣ್ಣು ಪೂರ್ತಿ ಚೆನ್ನಾಗಿದೆ."

ಹೆಂಡತಿ ನನ್ನ ತೋಳು ಹಿಡಿದುಕೊಂಡಳು.

"ಎಡಗಣ್ಣಲ್ಲಿ ಒಂದಿದೆ. ಅಂಚಿನಲ್ಲಿ, ಸಾಸಿವೆ ಕಾಳಿನಷ್ಟು. ಇವತ್ತೇ ಲೇಸರ್ ಕೊಡ್ತೀನಿ. ಈ ಜಾಗದಲ್ಲಿ ಇರೋದ್ರಿಂದ ದೃಷ್ಟಿಗೆ ತೊಂದರೆ ಆಗಬಾರದು."

"ಫೋಟೊದಲ್ಲಿ ಬಲಗಣ್ಣು ಬೆಳ್ಳಗೆ..." ಎಂದೆ.

"ಅದು ಬರೀ ಬೆಳಕು ಬಿದ್ದ ರೀತಿ. ಇಷ್ಟು ಚಿಕ್ಕದು ಫೋಟೊದಲ್ಲಿ ಬರೋದೇ ಇಲ್ಲ. ನೀವು ಫೋಟೊ ನಂಬ್ಕೊಂಡು ಇನ್ನೊಂದೈದು ತಿಂಗಳು ಕೂತಿದ್ರೆ ಕಷ್ಟ ಆಗ್ತಿತ್ತು."

ಅಪಾಯ ಎಡಗಡೆ ಇತ್ತು, ನಾವು ಒಂಬತ್ತು ದಿನ ಬಲಗಡೆಗೆ ಹೆದರಿದ್ದೆವು.

ಲೇಸರ್ ಆದ ಮೇಲೆ ಅವರು ನಮ್ಮನ್ನು ಕೂರಿಸಿಕೊಂಡು ಮಾತಾಡಿದರು. ನನ್ನಂಥವರ ಪ್ರತಿ ಮಗುವಿಗೂ ಈ ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ. ಇನ್ನೊಂದು ಮಗು ಬೇಕೆನಿಸಿದರೆ ಮೊದಲೇ ಬನ್ನಿ, ರಕ್ತ ಪರೀಕ್ಷೆಯಿಂದ ಮುಂಚಿತವಾಗಿ ತಿಳಿಯುವ ದಾರಿಗಳಿವೆ ಎಂದರು. "ನಾನು ಕಲಿಯೋವಾಗ ನಮ್ಮ ಗುರುಗಳು ಒಂದು ಮಾತು ಹೇಳ್ತಿದ್ರು. ಅವರ ಕಾಲದಲ್ಲಿ ಅಪ್ಪ ಮಗಳು ಇಬ್ಬರ ಹೆಸರೂ ಇರೋ ಫೈಲು ಅಪರೂಪವಂತೆ. ಈಗ ನನ್ನ ಬೀರುವಿನಲ್ಲೇ ಅಂಥವು ಇವೆ. ನಾವು ಉಳಿಸಿದ ಮಕ್ಕಳೇ ದೊಡ್ಡೋರಾಗಿ ಮಕ್ಕಳನ್ನ ಎತ್ಕೊಂಡು ಬರ್ತಾರೆ."

"ಹಾಗಾದ್ರೆ ಇದು ಹೆಚ್ಚಾಗ್ತಾ ಹೋಗುತ್ತಾ?"

"ಆನುವಂಶಿಕವಾಗಿ ಬರೋದು ಹೆಚ್ಚಬಹುದು, ನಿಧಾನವಾಗಿ. ಆದರೆ ಇವಳು ಎಷ್ಟು ಬೇಗ ಬಂದಳು ನೋಡಿ. ನಿಮ್ಮ ಥರ ಕಣ್ಣು ಕಳ್ಕೊಳ್ಳೋ ಹಾಗಾಗಲಿಲ್ಲ. ಗೊತ್ತಿದ್ದರೆ ಹುಟ್ಟಿದ ವಾರವೇ ಬರಬಹುದಿತ್ತು." ಕಡೆಯ ಮಾತನ್ನು ಆಕ್ಷೇಪದ ದನಿಯಲ್ಲಿ ಹೇಳಲಿಲ್ಲ. ಹೆಂಡತಿ ನೆಲ ನೋಡುತ್ತಿದ್ದಳು. ನನಗೆ ಆ ಹದಿನೇಳರ ಹುಡುಗನ ಅಕ್ಷರ ಕಾಣಿಸಿತು.

ಆಮೇಲೆ ಅವರು ಅಮ್ಮನ ಕಣ್ಣನ್ನೂ ನೋಡಬೇಕೆಂದರು. ಸೋದರಮಾವನಿಗೂ ನನಗೂ ಬಂದಿದೆಯೆಂದರೆ ನಡುವೆ ಅಮ್ಮ ಇದ್ದಾಳೆ.

"ನನ್ನ ಕಣ್ಣಿಗೇನಾಗಿದೆ? ಈಗಲೂ ಸೂಜಿಗೆ ದಾರ ಪೋಣಿಸ್ತೀನಿ," ಎಂದು ಅಮ್ಮ ಮೊದಲು ಒಪ್ಪಲಿಲ್ಲ. ಮುಂದಿನ ಬಾರಿಗೆ ಹೆಂಡತಿಯೇ ಕರೆದಳು. ಏನು ಹೇಳಿ ಒಪ್ಪಿಸಿದಳೋ ನನಗೆ ತಿಳಿಸಲಿಲ್ಲ. ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗಿದ ಮೇಲೆ, ಅಮ್ಮ ಗಲ್ಲವನ್ನು ಯಂತ್ರದ ಮೇಲಿಟ್ಟು ಬಹಳ ಹೊತ್ತು ಅಲುಗದೆ ಕೂತಳು. ಡಾಕ್ಟರು ಒಮ್ಮೆ ನೋಡಿ, ಮತ್ತೆ ನೋಡಿದರು. ಬಲಗಣ್ಣಿನ ಒಳಪರದೆಯ ಮೇಲೆ ಬೂದು ಬಣ್ಣದ ಒಂದು ಹಳೆಯ ಕಲೆ ಇತ್ತು. ಅದೇ ಗಡ್ಡೆ ಅವಳು ಮಗುವಾಗಿದ್ದಾಗಲೇ ಬಂದು, ಯಾರ ಚಿಕಿತ್ಸೆಯೂ ಇಲ್ಲದೆ ತಾನಾಗಿ ಒಣಗಿಹೋಗಿತ್ತು. ಹೀಗೂ ಅಪರೂಪಕ್ಕೆ ಆಗುತ್ತದೆ ಎಂದರು.

ಆಟೊದಲ್ಲಿ ಅಮ್ಮ ಬಿಸಿಲು ತಡೆಯಲಾರದೆ ಕಣ್ಣು ಮುಚ್ಚಿಕೊಂಡಿದ್ದಳು. ರೈಲ್ವೆ ಸೇತುವೆ ದಾಟುವಾಗ ಕೇಳಿದಳು.

"ಹಾಗಾದ್ರೆ ನನ್ನಿಂದ ಬಂತಾ ನಿನಗೆ?"

"ನಿನ್ನಿಂದ ಅಂತಲ್ಲಮ್ಮ. ನಿನ್ನ ಮೂಲಕ."

"ಅದೇ ಆಯ್ತಲ್ಲೋ." ಸ್ವಲ್ಪ ದೂರ ಹೋದ ಮೇಲೆ, "ನಂದೊಂದನ್ನ ಯಾಕೆ ಬಿಟ್ಬುಡ್ತು?" ಎಂದಳು.

ನನ್ನ ಹೆಂಡತಿ ಮಗುವನ್ನು ಅಮ್ಮನ ತೊಡೆಗೆ ದಾಟಿಸಿದಳು. ಅಮ್ಮ ಕಣ್ಣು ಮುಚ್ಚಿಕೊಂಡೇ ಅದರ ಪಾದ ಹಿಡಿದುಕೊಂಡಳು.

ಈಗ ಮಗಳಿಗೆ ಎಂಟು ತಿಂಗಳು. ನಾಲ್ಕು ವಾರಕ್ಕೊಮ್ಮೆ ಹೋಗುತ್ತೇವೆ. ಒಮ್ಮೆ ಬಲಗಣ್ಣಿನಲ್ಲೂ ಒಂದು ಸಣ್ಣದು ಕಾಣಿಸಿ, ಅದನ್ನೂ ಸುಟ್ಟರು. ಹೊಸದು ಇನ್ನು ಬರುವುದಿಲ್ಲ ಎಂದು ಯಾರೂ ಹೇಳಿಲ್ಲ. ಹೆಂಡತಿ ಹೇಳಿದಂತೆ ನನ್ನನ್ನು ನಿಧಾನವಾಗಿ ಬಯ್ದಳು, ಇನ್ನೂ ಬಯ್ಯುತ್ತಿದ್ದಾಳೆ. ಎರಡನೆಯ ಮಗುವಿನ ಮಾತನ್ನು ಇಬ್ಬರೂ ಎತ್ತಿಲ್ಲ. ಆ ಚಿನ್ನಿಯ ಮಧ್ಯಾಹ್ನ ಮಾತ್ರ ಮೊದಲಿನಷ್ಟೇ ಸ್ಪಷ್ಟವಾಗಿ ಬರುತ್ತದೆ. ಸುಳ್ಳೆಂದು ಗೊತ್ತಾದ ಮೇಲೂ ಅದರ ಹಸಿರು ಒಂದಿಷ್ಟೂ ಮಾಸಿಲ್ಲ.

ಕಳೆದ ಬಾರಿ ಆಸ್ಪತ್ರೆಯಲ್ಲಿ ಹೊಸ ನರ್ಸ್ ಇದ್ದಳು. ಫೈಲು ತೆರೆದು, ಮನೆಯಲ್ಲಿ ಬೇರೆ ಯಾರಿಗಾದರೂ ಕಣ್ಣಿನ ತೊಂದರೆ ಇತ್ತೇ ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅಮ್ಮ ಹೇಳಿದಳು.

"ನಮ್ಮಣ್ಣನಿಗೆ. ನನಗೆ. ಇವನಿಗೆ. ಬರ್ಕೊಳ್ಳಮ್ಮ. ಚಿನ್ನಿಗಿನ್ನಿ ಏನೂ ಅಲ್ಲ, ಗಡ್ಡೆ."

"ಚಿನ್ನಿ ಅಂದ್ರೆ ಏನಜ್ಜಿ?" ಎಂದು ನರ್ಸ್ ತಲೆಯೆತ್ತಿದಳು.

"ಅದನ್ನ ಬಿಡು ಕಣಮ್ಮ. ಗಡ್ಡೆ ಅಂತ ಬರಿ."

ಅವಳು ಬರೆದುಕೊಂಡಳು. ಆಮೇಲೆ ಕೈ ಚಾಚಿದಳು, ಹೆಂಡತಿ ಮಗುವನ್ನು ಕೊಟ್ಟಳು. ಬಾಗಿಲು ಮುಚ್ಚಿತು. ನಾವು ಮೂವರೂ ಬೆಂಚಿನ ಮೇಲೆ ಕೂತು ಅಳು ನಿಲ್ಲುವುದನ್ನು ಕಾಯತೊಡಗಿದೆವು.